ಹಪ್ಪಳ ಒಣಗುವಷ್ಟರಲ್ಲಿ

ಹಲಸಿನ ಹಪ್ಪಳ ಒಣಗುವುದಕ್ಕೆ ಮೂರ್ನಾಲ್ಕು ದಿನದ ಗಟ್ಟಿ ಬಿಸಿಲು ಬೇಕು. ರೀಲ್ಸಿನ ಟ್ರೆಂಡು ಅಷ್ಟು ದಿನ ಯಾರ ಮುಲಾಜಿಗೂ ಕಾದು ಕೂರುವುದಿಲ್ಲ. ಸೋಮವಾರ ದೇಶಕ್ಕೆ ದೇಶವೇ ಒಂದು ಹಾಡಿಗೆ ಭುಜ ಕುಣಿಸುತ್ತಿರುತ್ತದೆ. ಶುಕ್ರವಾರ ಅದೇ ಹಾಡಿಗೆ ಭುಜ ಕುಣಿಸಿದವರನ್ನು ಜನ 'ಪಾಪ, ಇವರಿಗೆ ಈಗ ಗೊತ್ತಾಯ್ತು ಅಂತ ಕಾಣ್ತದೆ' ಎಂದು ನೋಡುತ್ತಾರೆ. ಈ ಎರಡು ಪಂಚಾಂಗಗಳ ನಡುವೆ ಸಿಕ್ಕಿಕೊಂಡವರು ತೀರ್ಥಹಳ್ಳಿ ಕಡೆಯ ನಮ್ಮ ಅತ್ತಿಗೆ. ಅವರು ಹಪ್ಪಳ ಮಾಡುತ್ತಾರೆ, ಇನ್‌ಸ್ಟಾಗ್ರಾಂನಲ್ಲಿ ಮಾರುತ್ತಾರೆ. ಬೇಸಿಗೆಯಲ್ಲಿ ಊರಿಗೆ ಹೋಗುವ ನಾನು ಅವರ ಕ್ಯಾಮೆರಾಮನ್. ಫೋನು ಹಿಡಿದರೆ ಕೈ ನಡುಗುವುದಿಲ್ಲ ಎನ್ನುವುದೊಂದೇ ನನ್ನ ಅರ್ಹತೆ. ಅಡಿಕೆ ಮರ ಹತ್ತಲು ಬಾರದವನನ್ನು ಮನೆಯವರು ಇನ್ಯಾವುದಕ್ಕೆ ತಾನೇ ಬಳಸಿಕೊಂಡಾರು!

ನಿರ್ದೇಶಕಿ ಅಣ್ಣನ ಮಗಳು. ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಾಳೆ. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ಬಂದ್ ಮಾಡಿದಾಗ ಇವಳಿನ್ನೂ ಹೈಸ್ಕೂಲು. ಮನೆಯಲ್ಲಿ ಯಾರೋ ಹೋದವರ ಹಾಗೆ ಎರಡು ಹೊತ್ತು ಊಟ ಬಿಟ್ಟಿದ್ದಳು. ಮುಂದಿನ ತಿಂಗಳೇ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು, ಹುಡುಗಿಯ ಮುಖಕ್ಕೆ ಕಳೆ ಬಂತು. ಆಗ ಹದಿನೈದು ಸೆಕೆಂಡು ಇದ್ದ ರೀಲು 2025ರಲ್ಲಿ ಮೂರು ನಿಮಿಷದವರೆಗೂ ಹಿಗ್ಗಿತು. ನೋಡುವವರ ತಾಳ್ಮೆ ಹಿಗ್ಗಿದ ಸುದ್ದಿಯಂತೂ ಇಲ್ಲ.

ಅವಳ ಮೊದಲ ಪಾಠ 'ಹುಕ್'. ನೋಡುವವರ ಹೆಬ್ಬೆರಳು ಸದಾ ಮೇಲಕ್ಕೆ ತಳ್ಳುವ ತಯಾರಿಯಲ್ಲೇ ಇರುತ್ತದಂತೆ. ಮೊದಲ ಮೂರು ಸೆಕೆಂಡಿನಲ್ಲಿ ಅದನ್ನು ಹಿಡಿದು ನಿಲ್ಲಿಸದಿದ್ದರೆ ನಮ್ಮ ಹಪ್ಪಳ ಗತಿಗೋತ್ರವಿಲ್ಲದೆ ಕಳೆದುಹೋಗುತ್ತದೆ. ಮಲೆನಾಡಿನವರಿಗೆ ಇದು ಬಲು ಕಷ್ಟದ ಕೆಲಸ. ನಮ್ಮಲ್ಲಿ ಮನೆಗೆ ಬಂದವರು ಬಂದ ಕಾರಣ ಹೇಳುವುದಕ್ಕೆ ಮುಂಚೆ ಕಾಫಿ ಆಗಬೇಕು, ಮಳೆಯ ವಿಚಾರ ಆಗಬೇಕು, ಅಡಿಕೆ ಧಾರಣೆ, ಕೊಳೆರೋಗ, ಯಾರದೋ ಮಂಡಿನೋವು ಎಲ್ಲ ಆಗಬೇಕು. ಕೊನೆಗೆ ಅಂಗಳಕ್ಕಿಳಿದು ಚಪ್ಪಲಿ ಮೆಟ್ಟುವಾಗ "ಅಂದ ಹಾಗೆ..." ಎಂದು ಶುರುಮಾಡುತ್ತಾರೆ. ಅತ್ತಿಗೆಯ ಮೊದಲ ವಿಡಿಯೋವೂ ಈ ಸಂಪ್ರದಾಯಕ್ಕೆ ಭಂಗ ತಂದಿರಲಿಲ್ಲ. "ಎಲ್ಲರಿಗೂ ನಮಸ್ಕಾರ, ಚೆನ್ನಾಗಿದೀರಾ? ನಿಮ್ಮ ಕಡೆ ಮಳೆ ಹೆಂಗೆ?" ಎಂದು ಕೇಳಿ, ಉತ್ತರಕ್ಕೆ ಕಾದವರಂತೆ ಒಂದು ಗಳಿಗೆ ಸುಮ್ಮನೆ ನಿಂತಿದ್ದರು ಕೂಡ. ಹಪ್ಪಳ ಕಾಣಿಸಿಕೊಂಡದ್ದು ಕಟ್ಟಕಡೆಗೆ. ಅಲ್ಲಿಯವರೆಗೆ ಉಳಿದದ್ದು ನಮ್ಮ ನೆಂಟರು ಮಾತ್ರ.

ಮಗಳು ತಿದ್ದಿ ಬರೆದಳು: "ಹಲಸಿನ ಹಪ್ಪಳ ತಿನ್ನೋ ಮೊದಲು ಈ ವಿಡಿಯೋ ನೋಡಿ!"

ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಮ್ಮ ಕತ್ತೆತ್ತಿದಳು. "ಯಾಕೆ? ತಿಂದ್ರೆ ಎಂಥಾದ್ರೂ ಆಗ್ತದಾ?"

"ಎಂಥ ಆಗಲ್ಲ ಅಜ್ಜಿ."

"ಮತ್ತೆ ಎಂಥಕ್ಕೆ ಹೆದರಿಸ್ತೀಯೆ ಮಾರಾಯ್ತಿ?"

ಎರಡನೆಯ ಹುಕ್ "ಹಪ್ಪಳ ಕರಿಯುವಾಗ ಎಲ್ಲರೂ ಮಾಡೋ ತಪ್ಪು ಇದೇ" ಎಂದಿತ್ತು. ತಪ್ಪು ಯಾವುದು ಎಂದು ಇನ್ನೂ ಯಾರೂ ಯೋಚಿಸಿರಲಿಲ್ಲ. ಅದನ್ನು ಆಮೇಲೆ ಹುಡುಕಿಕೊಂಡರಾಯಿತು ಎಂದಳು ನಿರ್ದೇಶಕಿ.

ನಮ್ಮ ಮನೆಯ ಮಹತ್ವಾಕಾಂಕ್ಷೆಯ ಕೃತಿ ಎಂದರೆ 'ಚಿಟಿಕೆ'. ನೀವೂ ನೋಡಿರುತ್ತೀರಿ. ನೈಟಿಯಲ್ಲಿ, ಕೆದರಿದ ತಲೆಯಲ್ಲಿ ಒಬ್ಬಳು ನಿಂತಿರುತ್ತಾಳೆ. ಚಿಟಿಕೆ ಹೊಡೆದದ್ದೇ ರೇಷ್ಮೆ ಸೀರೆ, ಮೊಳ ಮಲ್ಲಿಗೆ, ಸೊಂಟಕ್ಕೆ ಡಾಬು. ಸೀರೆ ಮಾರುವವರಿಗೆಲ್ಲ ಇದು ವರವಾಗಿ ಬಂದ ಟ್ರೆಂಡು. ಅದನ್ನು ಹಪ್ಪಳಕ್ಕೆ ಒಗ್ಗಿಸುವುದು ನಮ್ಮ ಯೋಜನೆ. ಅತ್ತಿಗೆಯ ಅಂಗೈಯಲ್ಲಿ ಆಗತಾನೆ ಒತ್ತಿದ ಹಸಿ ಹಪ್ಪಳ. ಚಿಟಿಕೆ ಹೊಡೆದರೆ ಅದೇ ಕೈಯಲ್ಲಿ ಕರಿದ ಗರಿಗರಿ ಹಪ್ಪಳ. ಪರದೆಯ ಮೇಲೆ ಅರೆ ಸೆಕೆಂಡಿನ ಆಟ.

ಹಲಸಿನ ಹಪ್ಪಳ ಮಾಡಿದವರಿಗೆ ಗೊತ್ತು, ಆ ಅರೆ ಸೆಕೆಂಡಿನ ಒಳಗೆ ಏನೇನಿದೆ ಎಂದು. ಬಲಿತಿರಬೇಕು, ಹಣ್ಣಾಗಿರಬಾರದು, ಅಂಥ ಕಾಯಿಯೇ ಆಗಬೇಕು. ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಬೇಕು. ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ, ಉಪ್ಪು, ಮೆಣಸು, ಜೀರಿಗೆ ಸೇರಿಸಿ ಕುಟ್ಟಬೇಕು. ಹಿಟ್ಟು ಒಟ್ಟಾಗಿ ಒನಕೆಯ ಜೊತೆ ಎದ್ದು ಬಂದರೆ ಹದ ಬಂತೆಂದು ಲೆಕ್ಕ. ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒಂದೇ ಒತ್ತು. ನಡುವೆ ದಪ್ಪ, ಅಂಚಿಗೆ ತೆಳುವಾದರೆ ಅಮ್ಮ ಏನೂ ಮಾತಾಡದೆ ಅದನ್ನೆತ್ತಿ ಮತ್ತೆ ಉಂಡೆ ಮಾಡಿಬಿಡುತ್ತಾಳೆ. ಇಷ್ಟೆಲ್ಲದರ ಮಧ್ಯೆ ನಾನು ಸೊಳೆ ಬಿಡಿಸುವುದನ್ನು ಹತ್ತಿರದಿಂದ ತೆಗೆಯಲು ಹೋಗಿ ಫೋನಿಗೆ ಮೇಣ ಅಂಟಿತು. ಹಲಸಿನ ಮೇಣಕ್ಕೆ ನೀರೂ ಇಲ್ಲ, ಸೋಪೂ ಇಲ್ಲ, ಎಣ್ಣೆಯೊಂದೇ ಔಷಧ. ಎಣ್ಣೆ ಹಚ್ಚಿದ ಫೋನು ಬೆರಳಿನ ಮಾತು ಕೇಳುವುದನ್ನು ನಿಲ್ಲಿಸಿತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ತೆರೆದುಕೊಂಡು, ಸಂಬಂಧವಿಲ್ಲದ ಯಾರಿಗೋ ಕರೆ ಹೋಯಿತು.

ಅಂತೂ ಹಸಿ ಹಪ್ಪಳದ ಭಾಗ ಚಿತ್ರೀಕರಣವಾಯಿತು. ಇನ್ನು ಅದು ಒಣಗಬೇಕು. ಅತ್ತಿಗೆ ನಿಂತ ಜಾಗಕ್ಕೆ ಮಗಳು ಸೀಮೆಸುಣ್ಣದಿಂದ ಗುರುತು ಹಾಕಿದಳು. ಉಟ್ಟ ಸೀರೆಯನ್ನು ತೆಗೆದಿಟ್ಟು "ಇದು ಶೂಟಿಂಗ್ ಸೀರೆ, ಯಾರೂ ಮುಟ್ಟಬೇಡಿ" ಎಂದು ಹೇಳಿದಳು. ಮರುದಿನ ಮೋಡ. ಅದರ ಮರುದಿನ ಮೇ ತಿಂಗಳ ಆ ದಿಢೀರ್ ಮಳೆ. ಚಾಪೆ ಸಮೇತ ಹಪ್ಪಳವನ್ನೆಲ್ಲ ಒಳಗೆ ಹೊತ್ತು ತಂದದ್ದಾಯಿತು. ಅತ್ತಿಗೆಗೆ ನಡುವೆ ಗೃಹಪ್ರವೇಶವೊಂದು ಬಂತು, ಹಸಿರು ಬಳೆ ಹೋಗಿ ಕೆಂಪು ಬಳೆ ಬಂತು. ಹಪ್ಪಳ ಒಣಗಿ, ಬಾಣಲೆಯಲ್ಲಿ ಅರಳಿ, ಚಿಟಿಕೆಯ ಎರಡನೆಯ ಅರ್ಧ ಮುಗಿಯುವ ಹೊತ್ತಿಗೆ ನಾವು ಆರಿಸಿಕೊಂಡಿದ್ದ ಹಾಡು ಮುದಿಯಾಗಿತ್ತು. ಹೊಸದೊಂದು ಬಂದಿತ್ತು, ಅದರಲ್ಲಿ ಚಿಟಿಕೆ ಇರಲಿಲ್ಲ, ಹಿಂದಕ್ಕೆ ನಡೆಯಬೇಕಿತ್ತು. ನಮ್ಮ ಅಂಗಳದಲ್ಲಿ ಹಿಂದಕ್ಕೆ ನಡೆದರೆ ಬಾವಿ.

ಆದರೂ ಹಾಕಿದೆವು. ಅಚ್ಚರಿಯೆಂದರೆ ಜನ ನೋಡಿದರು. ಕೆಳಗೆ ಬರೆದದ್ದು ಮಾತ್ರ ಬೇರೆಯೇ. "ಮೊದಲು ಇದ್ದ ಬೆಕ್ಕು ಆಮೇಲೆ ಎಲ್ಲಿ ಹೋಯ್ತು?" ಎಂದು ಕೇಳಿದವರು ಕೆಲವರು. ಬಳೆ ಬಣ್ಣ ಬದಲಾದದ್ದನ್ನು ಪತ್ತೇದಾರರಂತೆ ಹಿಡಿದವರು ಹಲವರು. ಉಳಿದವರಿಗೆಲ್ಲ ನಮ್ಮ ಜಗಲಿಯ ಕೆಂಪು ಗಾರೆ ನೆಲ ಬೇಕಿತ್ತು. ಯಾರು ಹಾಕಿದ್ದು, ಚದರಕ್ಕೆ ಎಷ್ಟು, ಬೆಂಗಳೂರಿಗೆ ಬಂದು ಹಾಕಿಕೊಡುತ್ತಾರಾ? ಹಾಕಿದವರು ಅಜ್ಜನ ಕಾಲದವರು, ಬರುವ ಸ್ಥಿತಿಯಲ್ಲಿಲ್ಲ ಎಂದು ಅತ್ತಿಗೆ ಒಬ್ಬೊಬ್ಬರಿಗೂ ವಿನಯದಿಂದ ಉತ್ತರ ಬರೆದರು.

ಹಪ್ಪಳದ ಬಗ್ಗೆ ಬಂದದ್ದು ಎರಡೇ ಅಕ್ಷರ: 'ಪಿಪಿ'. ಪ್ರೈಸ್ ಪ್ಲೀಸ್ ಅಂತೆ. ಅತ್ತಿಗೆ ನೂರು ಹಪ್ಪಳದ ಕಟ್ಟಿಗೆ ಇಷ್ಟು ಎಂದು ವಿಡಿಯೋ ಕೆಳಗೇ ಬರೆದಿದ್ದರು, ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆಯ ಪಕ್ಕದಲ್ಲೇ. ಮಗಳು ಅದನ್ನು ಅಳಿಸಿ 'ಬೆಲೆಗೆ ಡಿಎಂ ಮಾಡಿ' ಎಂದು ಹಾಕಿದಳು. ಬೆಲೆ ಗೊತ್ತಿದ್ದರೆ ಜನ ಸುಮ್ಮನೆ ಹೋಗುತ್ತಾರೆ, ಗೊತ್ತಿಲ್ಲದಿದ್ದರೆ ಕೇಳುತ್ತಾರೆ, ಕೇಳಿದಷ್ಟೂ ವಿಡಿಯೋ ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತದೆ ಎನ್ನುವುದು ಅವಳ ವಾದ. ನನಗೆ ನೆನಪಾದದ್ದು ದನದ ಜಾತ್ರೆ. ದಲ್ಲಾಳಿಗಳು ಟವೆಲಿನೊಳಗೆ ಕೈ ತೂರಿಸಿ, ಬೆರಳು ಹಿಡಿದು ರೇಟು ಕುದುರಿಸುತ್ತಿದ್ದರಲ್ಲ, ಪಕ್ಕದಲ್ಲಿ ನಿಂತವನಿಗೂ ಗೊತ್ತಾಗದ ಹಾಗೆ! ಈ ಡಿಎಂ ಅದೇ ಟವೆಲು. ಎತ್ತಿಗಾದರೆ ಹಲ್ಲು, ಸುಳಿ ನೋಡಿ ದರ ಕಟ್ಟುವುದಿತ್ತು, ಗುಟ್ಟಿಗೆ ಅರ್ಥವಿತ್ತು. ಹಪ್ಪಳಕ್ಕೆ ಯಾವ ಸುಳಿ?

ಇಷ್ಟರಲ್ಲಿ 'ವಾವ್' ಬಂದು ಹೋಗಿತ್ತು. 2023ರ ಮಾತು. ದಿಲ್ಲಿಯಲ್ಲಿ ಸಲ್ವಾರ್ ಸೂಟು ಮಾರುವ ಹೆಂಗಸೊಬ್ಬರು ಒಂದೊಂದೇ ಸೂಟು ಎತ್ತಿ ತೋರಿಸುತ್ತ "ಸೋ ಬ್ಯೂಟಿಫುಲ್, ಸೋ ಎಲಿಗೆಂಟ್, ಜಸ್ಟ್ ಲುಕಿಂಗ್ ಲೈಕ್ ಎ ವಾವ್" ಎಂದರು. ಆ ಮಾತು ಊರೆಲ್ಲ ಸುತ್ತಿ, ಕೊನೆಗೆ ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯೂ ಅದಕ್ಕೆ ತುಟಿ ಆಡಿಸಿದರು. ಅತ್ತಿಗೆಯೂ ಒಂದು ಹಪ್ಪಳ ಎತ್ತಿ ಹಿಡಿದು ಅದನ್ನೇ ಅಂದರು. 'ಎಲಿಗೆಂಟ್' ಅವರ ಬಾಯಲ್ಲಿ 'ಎಲಿಫೆಂಟ್' ಆಯಿತು. ಅಮ್ಮ "ಎಷ್ಟು ದೊಡ್ಡ ಹಪ್ಪಳ ಮಾಡಿದೀಯೆ?" ಎಂದು ನೋಡಲು ಎದ್ದು ಬಂದಳು.

ನನಗೆ ಅಲ್ಲಿಯೇ ಒಂದು ಭಾಷಣ ಮಾಡಬೇಕೆನಿಸಿತು, ಮಾಡಿದೆ. ನೋಡಿ, ಆ ದಿಲ್ಲಿಯವರು ಯಾವ ಟ್ರೆಂಡನ್ನೂ ನೋಡಿಕೊಂಡು ಅಂದದ್ದಲ್ಲ, ಅಂಗಡಿಯಲ್ಲಿ ಅವರ ವರಸೆಯೇ ಹಾಗೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಭುವನ್ ಬಾದ್ಯಕರ್ ಹಸಿ ಕಡಲೆಕಾಯಿ ಮಾರುತ್ತ 'ಕಚ್ಚಾ ಬಾದಾಮ್' ಎಂದು ಹಾಡಿದ್ದೂ ಹಾಗೇ. ಮುರಿದ ಕಾಲುಚೈನು, ಕೆಟ್ಟ ಮೊಬೈಲು ಏನೇ ಕೊಟ್ಟರೂ ತೆಗೆದುಕೊಂಡು ಅಳತೆ ಹಾಕಿ ಕಡಲೆಕಾಯಿ ಕೊಡುತ್ತಿದ್ದ ಮನುಷ್ಯ, ತನ್ನ ಗಿರಾಕಿಗಳನ್ನು ಕರೆಯಲು ತಾನೇ ಕಟ್ಟಿದ ಪದ ಅದು. 2022ರಲ್ಲಿ ಅದಕ್ಕೆ ಕುಣಿಯದವರಿಲ್ಲ. ಆಮೇಲೆ ಹಾಡು ಯಾರದು ಎಂದು ಹಕ್ಕಿನ ತಕರಾರೂ ಎದ್ದಿತು. ಹಳೇ ಜರಿ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದವಳ ಕೂಗು ನಮ್ಮೂರಿನಲ್ಲೂ ಇತ್ತಲ್ಲ, ಮೀನಿನ ಸೈಕಲ್ಲಿನ ಹಾರನ್ನಿಗೆ ಬೆಕ್ಕುಗಳೆಲ್ಲ ರಸ್ತೆಗೆ ಬರುತ್ತಿದ್ದವಲ್ಲ, ಅವರು ಯಾರನ್ನು ನೋಡಿ ಕಲಿತರು? ಕೂಗಿ ಮಾರುವವರು ಟ್ರೆಂಡು ಹುಟ್ಟಿಸುತ್ತಾರೆ, ನಾವು ಆ ಕೂಗನ್ನು ಎರವಲು ತಂದು ಮತ್ತೇನನ್ನೋ ಮಾರುತ್ತೇವೆ...

"ಚಿಕ್ಕಪ್ಪ, ಫೋನ್ ಅಲ್ಲಾಡ್ತಾ ಉಂಟು" ಎಂದಳು ನಿರ್ದೇಶಕಿ.

ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಈಗಲೂ ಇದೆ, 'ಬಾರ್ಟರ್ ಕೊಲಾಬ್' ಎನ್ನುತ್ತಾರೆ. ಬೆಂಗಳೂರಿನ ಒಬ್ಬಾಕೆ, ಹಿಂಬಾಲಕರು ತುಂಬ ಇರುವವರು, ಎರಡು ಕಟ್ಟು ಹಪ್ಪಳ ಕಳಿಸಿದರೆ ಒಂದು ರೀಲು ಮಾಡುತ್ತೇನೆಂದರು. ಪುಕ್ಕಟೆ ಸಿಕ್ಕ ವಸ್ತುವನ್ನು ಹೊಗಳುವುದಾದರೆ ಅದು ಜಾಹೀರಾತು ಎಂದು ನೋಡುವವರಿಗೆ ತಿಳಿಸಬೇಕು ಎಂಬ ನಿಯಮವನ್ನು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾಡಿದೆ. ಆಕೆ ಪ್ರಾಮಾಣಿಕರು, ತಿಳಿಸಿದರು. ಹಪ್ಪಳ ಬಾಯಿಗಿಟ್ಟ ಕ್ಷಣ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಒರಗಿಸಿ, ಅಂಗೈ ಎದೆಗೆ ಇಟ್ಟುಕೊಂಡರು. ಅಮ್ಮನಿಗೆ ಗಾಬರಿ: "ಖಾರ ಜಾಸ್ತಿ ಆಯ್ತೇನೋ!"

ಈ ಉತ್ಸಾಹದಲ್ಲಿ ಅತ್ತಿಗೆಯ ಖಾತೆಯನ್ನು ಮಗಳು ವ್ಯಾಪಾರದ ಖಾತೆಯಾಗಿ ಬದಲಾಯಿಸಿದಳು. ಯಾವ ಊರಿನವರು ನೋಡುತ್ತಾರೆ, ಎಷ್ಟು ಹೊತ್ತಿಗೆ ನೋಡುತ್ತಾರೆ ಎಲ್ಲದರ ಲೆಕ್ಕ ಸಿಗುತ್ತದೆ. ಸಿಕ್ಕಿತು. ಆದರೆ ಹಾಡುಗಳು ಹೋದವು. ವ್ಯಾಪಾರ ಮಾಡುವವರು ಸಿನಿಮಾ ಹಾಡನ್ನು ಪುಕ್ಕಟೆ ಬಳಸುವ ಹಾಗಿಲ್ಲ, ಹಕ್ಕುಸ್ವಾಮ್ಯದ ಪ್ರಶ್ನೆ. ಹಾಗಾಗಿ ವ್ಯಾಪಾರದ ಖಾತೆಗೆ ಬೇರೆಯದೇ ಸಂಗೀತದ ಉಗ್ರಾಣ. ಒಪ್ಪತಕ್ಕ ಮಾತೇ. ಊರಿಗೆ ಊರೇ ಕುಣಿಯುವ ಹಾಡಿನಲ್ಲಿ ಸರಕು ಮಾರುವುದೇ ಟ್ರೆಂಡಿನ ಗುಟ್ಟು, ಸರಕು ಮಾರುವವರಿಗೇ ಆ ಹಾಡಿಲ್ಲ! ನಮಗೆ ದೊರೆತದ್ದು ಒಂದು ನಿಧಾನದ ಪಿಯಾನೊ. ಒರಳಿನಲ್ಲಿ ಹಲಸು ಕುಟ್ಟುವ ದೃಶ್ಯಕ್ಕೆ ಅದನ್ನು ಹಾಕಿ ನೋಡಿದೆವು. ಒನಕೆ ಎದ್ದು ಬಿದ್ದಂತೆಲ್ಲ ಯಾರೋ ಯಾರನ್ನೋ ಬಿಟ್ಟು ಹೋಗುತ್ತಿದ್ದ ಭಾವ ಬರುತ್ತಿತ್ತು.

ಅಂತೂ ಆರ್ಡರು ಬರತೊಡಗಿತು. ಹೆಚ್ಚಿನವು ನೆಂಟರ ವಾಟ್ಸಾಪ್ ಗುಂಪಿನಿಂದ, 'ನಮಗೆ ಎಷ್ಟಕ್ಕೆ ಕೊಡ್ತೀ' ಎಂಬ ಪ್ರಶ್ನೆ ಸಮೇತ. ಹೊರಗಿನವರೂ ಇದ್ದರು. ಅತ್ತಿಗೆ ಪ್ರತಿ ಕಟ್ಟಿಗೂ ಪತ್ರಿಕೆ ಸುತ್ತಿ, ಮೇಲೆ ರಟ್ಟು ಇಟ್ಟು, ದಾರ ಬಿಗಿದು ಕಳಿಸುತ್ತಿದ್ದರು. ಒಳಗೊಂದು ಚೀಟಿ: 'ಹಪ್ಪಳ ಒಡೆದಿದ್ದರೆ ಪೊಟ್ಟಣ ಬಿಚ್ಚುವ ವಿಡಿಯೋ ಕಡ್ಡಾಯ.' ಆನ್‌ಲೈನ್ ಮಾರುವವರೆಲ್ಲ ಹೀಗೆ ಬರೆಯುತ್ತಾರೆ, ಮಗಳು ಅದನ್ನೂ ಕಂಡು ಹಾಕಿಸಿದ್ದಳು.

ಒಂದು ಕಟ್ಟು ದಾರಿಯಲ್ಲಿ ಯಾವುದರಡಿ ಸಿಕ್ಕಿತೋ, ಬೆಂಗಳೂರಿನ ಹುಡುಗಿಯೊಬ್ಬಳಿಗೆ ತಲುಪುವಾಗ ನುಚ್ಚಾಗಿತ್ತು. ಅವಳು ಚೀಟಿಯಲ್ಲಿದ್ದಂತೆ ವಿಡಿಯೋ ಕಳಿಸಿದಳು. ತನ್ನ ಖಾತೆಯಲ್ಲೂ ಹಾಕಿದಳು. ಏನು ವಿಡಿಯೋ ಅದು! ಕಿಟಕಿಯ ಎಳೆ ಬಿಸಿಲು, ದಾರ ಬಿಚ್ಚುವ ಬೆರಳು, ರಟ್ಟು ಸರಿಯುತ್ತಿದ್ದಂತೆ ಹಪ್ಪಳದ ಚೂರುಗಳು ಸ್ಲೋ ಮೋಷನ್ನಿನಲ್ಲಿ ಬಿಳಿ ತಟ್ಟೆಗೆ ಜಾರುವುದು, ಸರಿಯಾಗಿ ಆ ಗಳಿಗೆಗೆ ಹಾಡಿನ ಪಲ್ಲವಿ ಏರುವುದು. ದೂರಿನ ವಿಡಿಯೋ ಎಂದು ಯಾರಿಗೂ ಅನಿಸಲಿಲ್ಲ. ನಮ್ಮ ಎಲ್ಲ ವಿಡಿಯೋಗಳನ್ನೂ ಒಟ್ಟು ಸೇರಿಸಿದರೂ ಅಷ್ಟು ಜನ ನೋಡಿರಲಿಲ್ಲ. ಕೆಳಗೆ ಒಬ್ಬರು 'ಈ ಚೂರು ಮಜ್ಜಿಗೆ ಅನ್ನಕ್ಕೆ ಸೂಪರ್, ಎಲ್ಲಿ ಸಿಗುತ್ತೆ?' ಎಂದು ಕೇಳಿದ್ದರು. ಇನ್ನೊಬ್ಬರು, 'ಪಿಪಿ.'

ಅತ್ತಿಗೆ ಅದನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು: "ಬೇರೆ ಕಟ್ಟು ನಾಳೆಯೇ ಕಳಿಸ್ತೇನೆ ಮಗಾ, ದುಡ್ಡು ಬೇಡ. ಆ ಹಾಡು ಯಾವುದು ಹೇಳ್ತೀಯಾ?"

ಕೂಡಲೇ ಉತ್ತರ ಬಂತು. "ಥ್ಯಾಂಕ್ಯೂ ಆಂಟಿ! ಆದ್ರೆ ನಿಮ್ಮದು ಬಿಸಿನೆಸ್ ಅಕೌಂಟ್ ಅಲ್ವಾ? ನಿಮಗೆ ಅದು ಬರಲ್ಲ."