ಮಿಲಿಟರಿ ಟ್ರೈಲರಿನ ವಾನಪ್ರಸ್ಥ: ಒಂದು ಶಾಸ್ತ್ರೀಯ ವಿವೇಚನೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಹೇಳಿಯೇ ಹೊರಡಬೇಕು. ವಿಷಯ: ಸೇನೆಯಿಂದ ಹರಾಜಾಗಿ ಬಂದ ಕಾಲು ಟನ್ನಿನ ಜೀಪ್ ಟ್ರೈಲರನ್ನು ರಸ್ತೆಯಿಲ್ಲದ ಜಾಗದಲ್ಲಿ ಬಿಡಾರ ಹೂಡಲು ಸಜ್ಜುಗೊಳಿಸುವ ವಿಧಿ. ಪ್ರಯೋಜನ: ಏಕಾಂತ. ಅಧಿಕಾರಿ: ಹಳೆಯ ಜೀಪು, ಸಾಲಕ್ಕೆ ಕೆಲಸ ಮಾಡಿಕೊಡುವ ವೆಲ್ಡರ್, ಸುಮ್ಮನಿರುವ ಮನೆಯವರು, ಈ ಮೂರರಲ್ಲಿ ಎರಡಾದರೂ ಉಳ್ಳವನು, ಮೂರೂ ಉಳ್ಳವನು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಸಂಬಂಧ: ಒಂದು ಕಬ್ಬಿಣದ ಬಳೆ, ಒಂದು ಕೊಕ್ಕೆ. ಸಂಬಂಧದ ಬಗ್ಗೆ ವೇದಾಂತಿಗಳು ಓಲೆಗರಿ ಮುಗಿಯುವವರೆಗೆ ಬರೆದರು. ಮಿಲಿಟರಿಯವರು ಪಿಂಟಲ್ ಕೊಕ್ಕೆಗೆ ಒಂದು ಪಿನ್ನು ಚುಚ್ಚಿ ಚರ್ಚೆ ಮುಗಿಸಿದರು.

ಸಂಶೋಧನೆಯ ಕ್ಷೇತ್ರವನ್ನು ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಿಗೆ ಸೀಮಿತಗೊಳಿಸಿದ್ದೇವೆ. ಅಂಕೋಲೆಯವರೆಗೆ ಡೀಸೆಲ್ ಸಾಲಲಿಲ್ಲ ಎಂಬುದು ವಿಮರ್ಶಕರ ಕುಹಕ.

ಮೊದಲು ಲಕ್ಷಣ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನ 46ನೇ ಖಂಡದ ಪ್ರಕಾರ ಟ್ರೈಲರ್ ಎಂದರೆ ಮೋಟಾರು ವಾಹನ ಎಳೆಯುವ, ಇಲ್ಲವೇ ಎಳೆಯಲೆಂದು ಮಾಡಿದ ವಾಹನ. ಸೆಮಿ ಟ್ರೈಲರ್, ಸೈಡ್‌ಕಾರ್ ಇದಕ್ಕೆ ಹೊರತು. ಅತಿವ್ಯಾಪ್ತಿ ದೋಷವಾಯಿತೆಂದು ತಾರ್ಕಿಕರು ತಕ್ಷಣ ಕೈ ಎತ್ತುತ್ತಾರೆ. ಕೆಟ್ಟು ನಿಂತ ಟೆಂಪೊವನ್ನು ಇನ್ನೊಂದು ಟೆಂಪೊ ಹಗ್ಗ ಕಟ್ಟಿ ಶರಾವತಿ ಸೇತುವೆಯ ಮೇಲೆ ಎಳೆದೊಯ್ದರೆ ಹಿಂದಿನದು ಟ್ರೈಲರೋ? ಲಕ್ಷಣದಂತೆ ಹೌದು, ಅದರ ಸ್ಟೇರಿಂಗ್ ಹಿಡಿದು ಕೂತವನ ಮುಖ ನೋಡಿದರೆ ಅಲ್ಲ. ಇಡಗುಂಜಿಯ ತೇರು? ಎಳೆಯುವವರು ಭಕ್ತರು, ಭಕ್ತರು ಮೋಟಾರು ವಾಹನವಲ್ಲ, ತೇರು ಪಾರಾಯಿತು. ಇನ್ನು ಕೊಂಕಣ ರೈಲ್ವೆಯ ರೋ-ರೋ ಗಾಡಿಯ ಮೇಲೆ ಕೂತು, ಡ್ರೈವರ್ ಕಾಲು ಚಾಚಿ ಮಲಗಿರುವಾಗಲೇ ನಮ್ಮ ಊರುಗಳನ್ನು ದಾಟುವ ಲಾರಿಗಳಿವೆ. ಹಳಿಯ ಮೇಲೆ ಓಡುವುದು ಮೋಟಾರು ವಾಹನವೇ ಅಲ್ಲವೆಂದು ಅದೇ ಕಾಯ್ದೆ ಹೇಳುವುದರಿಂದ ಆ ಲಾರಿಗಳು ಟ್ರೈಲರೂ ಅಲ್ಲ, ಸದ್ಯಕ್ಕೆ ಓಡುವ ಲಾರಿಯೂ ಅಲ್ಲ; ಅನಿರ್ವಚನೀಯ ಎಂದು ಶಂಕರರ ಶಿಷ್ಯರಿಗೆ ಒಪ್ಪಿಸಿ ಮುಂದೆ ಹೋಗುವುದು ಕ್ಷೇಮ.

ವಂಶಾವಳಿ ಮಾತ್ರ ಕರುಣಾಜನಕ. 1940ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊತ್ತಮೊದಲ ಜೀಪನ್ನು ಮಾಡಿ ಸೇನೆಗೆ ಒಪ್ಪಿಸಿತು. ಸೇನೆ ಮೆಚ್ಚಿತು, ನಕ್ಷೆ ಇಟ್ಟುಕೊಂಡಿತು, ದೊಡ್ಡ ಆರ್ಡರನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ಕೊಟ್ಟಿತು. ಬ್ಯಾಂಟಮ್ಮಿನ ಪಾಲಿಗೆ ಉಳಿದದ್ದು ಆ ಜೀಪುಗಳ ಬೆನ್ನಿಗೆ ಕಟ್ಟುವ ಟ್ರೈಲರು. ಯಕ್ಷಗಾನದ ಪ್ರಸಂಗ ಬರೆದವನನ್ನೇ ಚೌಕಿಯಲ್ಲಿ ದೀಪ ಹಿಡಿಯಲು ನಿಲ್ಲಿಸಿದ ಹಾಗೆ. ವಿಲ್ಲಿಸ್ ಜೀಪು 1947ರಲ್ಲಿ ಮಹೀಂದ್ರ ಕಂಪನಿಯ ಕೈಹಿಡಿದು ಈ ದೇಶಕ್ಕೆ ಬಂತು. 1969ರಿಂದ ಜಬಲ್ಪುರದ ಕಾರ್ಖಾನೆಯಲ್ಲಿ ಜೋಂಗಾ ಹುಟ್ಟಿತು. ಟ್ರೈಲರ್ ಮಾತ್ರ ಯಾರು ಮುಂದಾದರೂ ಹಿಂದೆಯೇ ನಡೆಯಿತು. ಕಾಲು ಟನ್ ಎಂದರೆ ರಸ್ತೆ ಬಿಟ್ಟ ನೆಲದಲ್ಲಿ 500 ಪೌಂಡು, ಅಂದಾಜು 227 ಕಿಲೊ ಹೊರುವ ತಾಕತ್ತು. ಚಕ್ರ ಜೀಪಿನದೇ ಅಳತೆಯದಾದ್ದರಿಂದ ಒಂದೇ ಸ್ಟೆಪ್ನಿ ಎರಡಕ್ಕೂ ಒದಗುತ್ತದೆ. ಈಗಿನ ಕ್ಯಾಂಪಿಂಗ್ ಸಾಮಾನಿನ ಕ್ಯಾಟಲಾಗನ್ನು ಪೂರ್ತಿ ಓದಿದರೂ ಇಷ್ಟು ವಿವೇಕ ಸಿಕ್ಕುವುದಿಲ್ಲ.

ನಿವೃತ್ತನಿಗೆ ಬೇರೆ ಕೆಲಸ ಹಚ್ಚುವುದಕ್ಕೆ ಜಿಲ್ಲೆಯಲ್ಲಿ ಪೂರ್ವನಿದರ್ಶನವೂ ಉಂಟು. ನೌಕಾಪಡೆಯಿಂದ 2005ರಲ್ಲಿ ನಿವೃತ್ತಿಯಾದ ಐಎನ್‌ಎಸ್ ಚಪಲ್ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಮ್ಮಾಗಿ ಕೂತಿದೆ. ಕ್ಷಿಪಣಿ ಹೊತ್ತದ್ದು ಶಾಲೆಯ ಮಕ್ಕಳನ್ನು ಹೊರಬಹುದಾದರೆ ಟ್ರೈಲರು ಒಂದು ಗ್ಯಾಸ್ ಒಲೆ ಹೊರಬಾರದೇಕೆ?

ಆಶ್ರಮ ಬದಲಾದ ಮೇಲೆ ವರ್ಣದ ಪ್ರಶ್ನೆ ಏಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದರ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ಅರ್ಥಾತ್, ಯಾವ ಬಣ್ಣಕ್ಕೆ ಮರುಳಾಗಿ ಹರಾಜಿಗೆ ಹೋದನೋ ಅದನ್ನೇ ಕೆರೆದು ತೆಗೆಯುವುದು ಸಾಧಕನ ಮೊದಲ ತಪಸ್ಸು. ಬಿಳಿ ಬಳಿದು ಅಡಿಕೆ ತೋಟದ ಅಂಚಿಗೆ ನಿಲ್ಲಿಸಿದ್ದಾಯಿತು. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯ ಸೀಮೆ ಇದು. ಆಷಾಢ ಕಳೆಯುವಷ್ಟರಲ್ಲಿ ಹಾವಸೆ ಹತ್ತಿ, ಮಡ್‌ಗಾರ್ಡಿನಿಂದ ಕೊಕ್ಕೆಯವರೆಗೆ ಟ್ರೈಲರು ತಾನಾಗಿ ಸೇನೆಗೆ ಮರಳಿತ್ತು. ದಂಡ ಯಾರಿಗೆ? ನಿಯಮ ತಡೆಯುವುದು ಬಳಿಯುವುದನ್ನು, ಬೆಳೆಯುವುದನ್ನಲ್ಲ ಎಂಬುದು ನಮ್ಮ ಸಿದ್ಧಾಂತ. ಇದನ್ನು ಆರ್‌ಟಿಒ ಮುಂದೆ ಮಂಡಿಸುವ ಧೈರ್ಯವುಳ್ಳ ಶಿಷ್ಯ ಇನ್ನೂ ದೊರೆತಿಲ್ಲ.

ಉಪ್ಪುಗಾಳಿಯ ಕಾಟಕ್ಕೆ ಸ್ಥಳೀಯ ಪರಂಪರೆಯಲ್ಲಿ ಎರಡು ಪಂಥಗಳಿವೆ. ದೋಣಿಯ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದೊಂದು, ಮೀನೆಣ್ಣೆ ಹಚ್ಚುವುದು ಇನ್ನೊಂದು. ಗೇರೆಣ್ಣೆ ಕೈ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದಾದ್ದರಿಂದ ತಾರ್ಲೆ ಮೀನಿನ ಎಣ್ಣೆಯ ಪಂಥವನ್ನು ಆಶ್ರಯಿಸಲಾಯಿತು. ತುಕ್ಕು ನಿಂತಿತು. ಬೆಕ್ಕುಗಳು ಬಂದವು. ಏಕಾಂತವೆಂಬ ಪ್ರಯೋಜನಕ್ಕೆ ಇದೇ ಪ್ರಥಮ ಭಂಗ. ಅದನ್ನು ಭಂಗವೆಂದು ಬೆಕ್ಕುಗಳು ಒಪ್ಪುವುದಿಲ್ಲ.

ವಾಸ್ತುವಿನ ಅಧ್ಯಾಯ ದೊಡ್ಡದು. ಒಲೆ ಆಗ್ನೇಯದಲ್ಲಿರಬೇಕು ಎಂಬುದು ಸರ್ವಸಮ್ಮತ. ಆದರೆ ಟ್ರೈಲರಿಗೆ ಆಗ್ನೇಯ ಯಾವುದು? ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ ತಿರುವು ಹತ್ತುವ ಮೊದಲು ಆಗ್ನೇಯದಲ್ಲಿದ್ದ ಒಲೆ, ಗಾಡಿ ಪೂರ್ತಿ ತಿರುಗಿಕೊಂಡು ಮೇಲೆ ಬಂದಾಗ ವಾಯವ್ಯದಲ್ಲಿರುತ್ತದೆ. ಮುಂದಿನ ತಿರುವಿನಲ್ಲಿ ಮತ್ತೆ ಆಗ್ನೇಯ. ಘಟ್ಟ ಮುಗಿಯುವುದರೊಳಗೆ ಯಜಮಾನನಿಗೆ ಐಶ್ವರ್ಯ ಬಂದು, ಹೋಗಿ, ಬಂದು, ಕೊನೆಗೆ ಎಲ್ಲಿ ನಿಂತಿತೆಂಬುದು ಬ್ರೇಕು ಹಿಡಿದ ಜಾಗದ ಮೇಲೆ ಅವಲಂಬಿತ. ವಾಸ್ತುಪಂಡಿತರೊಬ್ಬರನ್ನು ಕೇಳಿದಾಗ ಗಾಡಿ ನಿಂತ ಮೇಲೆ ನೋಡುವಾ ಎಂದರು, ದಕ್ಷಿಣೆಯನ್ನು ಮಾತ್ರ ಗಾಡಿ ಹೊರಡುವ ಮುನ್ನ ತೆಗೆದುಕೊಂಡರು. ನಮ್ಮ ಪರಿಹಾರ ಹೀಗೆ: ಹಿಂಬದಿಯ ಹಲಗೆಗೆ ದಪ್ಪ ತಿರುಗಣೆ ಕೂರಿಸಿ, ಒಲೆಯನ್ನು ಕಬ್ಬಿಣದ ತೋಳಿನ ಮೇಲಿಟ್ಟು, ಯಾವ ಮಗ್ಗುಲಿಗೆ ಬೇಕಾದರೂ ಹೊರಳುವಂತೆ ಮಾಡುವುದು. ಕಡಲ ದಂಡೆಯಲ್ಲಿ ಮಧ್ಯಾಹ್ನದಿಂದ ಪಡುಗಾಳಿ ಬೀಸುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಒಲೆ ಎಷ್ಟು ಕಡ್ಡಿ ಗೀರಿದರೂ ಹೊತ್ತುವುದಿಲ್ಲ. ಟ್ರೈಲರಿನ ಮೈಯನ್ನೇ ಮರೆ ಮಾಡಿಕೊಂಡು ಪೂರ್ವದ ಮಗ್ಗುಲಿಗೆ ಹೊರಳಿಸಿದರೆ ಗಂಜಿ ಬೇಯುತ್ತದೆ. ಶಾಸ್ತ್ರ ಗೆದ್ದಿತು, ಶಾಸ್ತ್ರಿಗಳು ಹೇಳಿದ ಕಾರಣಕ್ಕಲ್ಲ.

ಇದೆಲ್ಲ ಪರದೇಶಿ ಚಟ, ನಮ್ಮಲ್ಲೆಲ್ಲಿತ್ತು ಎಂಬ ಪೂರ್ವಪಕ್ಷಕ್ಕೆ ಉತ್ತರ ಚಿಕ್ಕದು. ಯಕ್ಷಗಾನದ ಡೇರೆ ಮೇಳದ ಕಲಾವಿದರು ಲಾರಿಯಲ್ಲಿ ವೇಷದ ಪೆಟ್ಟಿಗೆಗಳ ಮೇಲೆ ನಿದ್ದೆ ಮಾಡುತ್ತ ಒಂದೂರಿಂದ ಇನ್ನೊಂದೂರಿಗೆ ಹೋದವರು. ಬೆಳಗಿನ ಜಾವದವರೆಗೆ ಕೌರವ, ಆಮೇಲೆ ಕಂಬಳಿ.

ಹಿಮ್ಮುಖ ಗಮನದ ಪ್ರಕರಣವನ್ನು ಭಟ್ಕಳದ ಸುಲ್ತಾನ್ ಸ್ಟ್ರೀಟಿನಲ್ಲಿ ಪರೀಕ್ಷಿಸಲಾಯಿತು. ಟ್ರೈಲರು ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ಟ್ರೈಲರು ಗಿಡ್ಡವಾದಷ್ಟೂ ಬೇಗ ಮಡಚಿಕೊಂಡು ಜೀಪಿನ ಮಗ್ಗುಲಿಗೆ ಒರಗುತ್ತದೆ. ಸಂಜೆಯ ಹೊತ್ತು. ನವಾಯತಿ, ಕೊಂಕಣಿ, ಉರ್ದು, ಕನ್ನಡ, ನಾಲ್ಕೂ ಭಾಷೆಯಲ್ಲಿ ಸಲಹೆ ಬಂತು, ನಾಲ್ಕರಲ್ಲೂ ಬಲಕ್ಕೆ ಎಂದೇ ಬಂತು. ಬಲಕ್ಕೆ ಹೋಗಬೇಕಾದದ್ದು ಸ್ಟೇರಿಂಗೋ ಟ್ರೈಲರೋ ಎಂಬುದನ್ನು ಯಾವ ಪಂಥವೂ ಬಿಡಿಸಿ ಹೇಳಲಿಲ್ಲ. ಕೊನೆಗೆ ಪಿನ್ನು ಕಿತ್ತು ಸಂಬಂಧ ವಿಚ್ಛೇದ ಮಾಡಿ, ಖಾಲಿ ಇದ್ದಾಗ ಸುಮಾರು 250 ಕಿಲೊ ತೂಗುವ ಟ್ರೈಲರನ್ನು ಸಲಹೆಗಾರರೇ ಕೈಯಿಂದ ತಳ್ಳಿಕೊಟ್ಟರು. ಚಾ ಕುಡಿಸದೆ ಬಿಡಲೂ ಇಲ್ಲ.

ಇನ್ನು ರಸ್ತೆಯಿಲ್ಲದ ಜಾಗ. ಹೊನ್ನಾವರದ ಕಾಸರಕೋಡು ಕಡಲತೀರ 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದು ಅತಿ ಶುಚಿಯಾಗಿರುವುದರಿಂದ ನಮ್ಮ ತಾರ್ಲೆ ಎಣ್ಣೆಯ ವಾಹನವನ್ನು ಅತ್ತ ಒಯ್ಯಲು ಮನಸ್ಸು ಬಾರಲಿಲ್ಲ. ಕುಮಟಾದ ಅಘನಾಶಿನಿ ಅಳಿವೆಯ ಗಜನಿಯೇ ಯೋಗ್ಯವೆಂದು ತೀರ್ಮಾನವಾಯಿತು. ಉಪ್ಪುನೀರು ತಾಳಿಕೊಂಡು ಕಗ್ಗ ಭತ್ತ ಬೆಳೆಯುವ ಈ ಕೆಸರುಗದ್ದೆಗಳಲ್ಲಿ ರಸ್ತೆ ಮಾತ್ರವಲ್ಲ, ದಿನದ ಕೆಲವು ತಾಸು ನೆಲವೂ ಇರುವುದಿಲ್ಲ. ಬ್ಯಾಂಟಮ್ ಟ್ರೈಲರಿನ ಒಡಲು ನೀರು ಹೊಗದಂತೆ ಮಾಡಿದ್ದು, ಹೊಳೆ ದಾಟಿಸುವಾಗ ತೇಲಲೆಂದು. ತಳದಲ್ಲಿ ನೀರು ಬಸಿಯಲು ಬಿರಡೆಗಳೂ ಇವೆ. ಬಿರಡೆ ತೆಗೆಯಬೇಕೋ ಹಾಕಬೇಕೋ ಎಂಬುದನ್ನು ಪಂಚಾಂಗ ನೋಡಿ ನಿಶ್ಚಯಿಸತಕ್ಕದ್ದು, ಏಕೆಂದರೆ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತಿ ಜೋರು. ಮಾರ್ಪಾಟಿನ ಆಧುನಿಕ ಆಚಾರ್ಯರು ವೈರಿಗೊಂದು, ನಲ್ಲಿಗೊಂದು, ಮೊಬೈಲ್ ಚಾರ್ಜರಿಗೊಂದು ಎಂದು ಒಡಲಿಗೆ ತೂತು ಕೊರೆಸುತ್ತಾರೆ. ಅಂಥ ಟ್ರೈಲರು ಗಜನಿಯಲ್ಲಿ ತೇಲುವುದಿಲ್ಲ, ಏಡಿ ಸಾಕುತ್ತದೆ.

ಒಡ್ಡಿನ ಮೇಲೆ ಕೊಕ್ಕೆ ಬಿಡಿಸಿ, ಡೇರೆಯ ಗೂಟ ಹೊಡೆಯುತ್ತಿರುವಾಗ ಕತ್ತಿ ಹಿಡಿದ ಒಬ್ಬರು ಬಂದು, ‘ಇದೆಂತದ್ರಾ, ಗೊಬ್ಬರ ಹೊರುವ ಟ್ರಾಲಿಯಾ?’ ಎಂದು ವಿಚಾರಿಸಿದರು. ಏಕಾಂತವೆಂಬ ಪ್ರಯೋಜನವನ್ನು ವಿವರಿಸಿದೆವು. ಅವರು ಕತ್ತಿಯ ಹಿಡಿಯಿಂದ ಬೆನ್ನು ತುರಿಸಿಕೊಂಡು ಹೋಗಿ ಮನೆಯ ಅಜ್ಜಿಯನ್ನು ಕರೆತಂದರು. ಅಜ್ಜಿ ಡೇರೆಯೊಳಗೆ ಒಮ್ಮೆ ಇಣುಕಿ, ಹಾಸಿಗೆ ಮುಟ್ಟಿ ನೋಡಿ, ದನಿ ತಗ್ಗಿಸಿ ಕೇಳಿದರು: ‘ಎಂತಾ ಮಗಾ, ಮನೇಲಿ ಜಗಳವಾ?’

ಈ ಪ್ರಶ್ನೆಗೆ ಯಾವ ದರ್ಶನದಲ್ಲೂ ಉತ್ತರವಿಲ್ಲ. ಶತ್ರುದೇಶದ ನಿರ್ಜನ ಬಯಲಿಗೆಂದು ಮಾಡಿದ ವಾಹನಕ್ಕೆ ಜಗಲಿ ಖಾಲಿ ಇರುವ ಊರಿನಲ್ಲಿ ಯುದ್ಧತಂತ್ರವೇ ಇಲ್ಲ. ಮಲಗಿದ್ದು ಜಗಲಿಯಲ್ಲಿ, ಉಂಡದ್ದು ಕಗ್ಗದಕ್ಕಿ ಗಂಜಿ, ಒಣಸೆಟ್ಲಿ ಚಟ್ನಿ. ತಿರುಗಣೆಯ ಒಲೆಯನ್ನು ಇಡೀ ಕೇರಿ ಬಂದು ತಿರುಗಿಸಿ ನೋಡಿತು.

ಆ ನೋಡಿದವರಲ್ಲಿ ಮದುವೆ ಅಡುಗೆಯ ಗುತ್ತಿಗೆದಾರರೂ ಇದ್ದದ್ದು ಈ ಶಾಸ್ತ್ರದ ಮುಂದಿನ ಗತಿಯನ್ನು ನಿರ್ಣಯಿಸಿತು. ಕೊಪ್ಪರಿಗೆ, ಸೌಟು, ಇಡ್ಲಿ ಅಟ್ಟ ಸೇರಿ 227 ಕಿಲೊ ಮೀರುವುದಿಲ್ಲವೆಂದು ಅವರು ಕಣ್ಣಳತೆಯಲ್ಲೇ ಹೇಳಿದರು. ಖಾಸಗಿ ಬಳಕೆಯ ಟ್ರೈಲರಿಗೆ ಬಾಡಿಗೆ ಪಡೆಯುವುದು ಕಾನೂನಿಗೆ ಒಗ್ಗದ್ದರಿಂದ ಕೊಡುಕೊಳ್ಳುವಿಕೆ ಹೆಸರುಬೇಳೆ ಪಾಯಸದ ರೂಪದಲ್ಲಿ ನಡೆಯುತ್ತಿದೆ. ಡೇರೆಯ ತಾಡಪತ್ರಿ ಸದ್ಯ ಅಪ್ಪಿಮಿಡಿಯ ಬುಟ್ಟಿಗಳ ಮೇಲಿದೆ. ಮದುವೆ ಸೀಸನ್ ಮುಗಿಯುವ ಜ್ಯೇಷ್ಠದವರೆಗೆ ಟ್ರೈಲರು ಖಾಲಿ ಇಲ್ಲ, ಜ್ಯೇಷ್ಠ ಬಂದರೆ ಮಳೆ. ಆದ್ದರಿಂದ ಏಕಾಂತದ ಮೇಲಿನ ಕ್ಷೇತ್ರಕಾರ್ಯವನ್ನು ದೀಪಾವಳಿಯ ನಂತರಕ್ಕೆ ಮುಂದೂಡಲಾಗಿದೆ. ಆಸಕ್ತ ಸಂಶೋಧಕರು ಅಡುಗೆಯವರನ್ನು ವಿಚಾರಿಸಿಕೊಂಡು ಬರುವುದು.