ಬಿಲ್ಲೆಮುಖಮೀಮಾಂಸೆ: ಒಂದು ಮೀಸೆಕೇಂದ್ರಿತ ಪರಿಪ್ರೇಕ್ಷ್ಯ

ಪ್ರಸ್ತುತ ಪ್ರಬಂಧದ ಉದ್ದೇಶ, ವ್ಯಾಪ್ತಿ, ಮಿತಿ, ಮಿತಿಯ ವ್ಯಾಪ್ತಿ ಹಾಗೂ ವ್ಯಾಪ್ತಿಯ ಉದ್ದೇಶಗಳನ್ನು ಮೊದಲೇ ಸ್ಪಷ್ಟಪಡಿಸುವುದು ಸಂಶೋಧನಾ ಶಿಸ್ತು. ಅಧ್ಯಯನದ ಆಕರ: ಕೋಟಿಗೆ ಚುಚ್ಚಿಕೊಳ್ಳುವ ಒಂದು ಗುಂಡು ಬಿಲ್ಲೆ. ಅಡ್ಡಳತೆ ಒಂದು ಅಂಗುಲಕ್ಕೂ ಕಮ್ಮಿ. ಕಾಲ: 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ನಡೆದ ಯುದ್ಧದ ಆಸುಪಾಸು. ಬಿಲ್ಲೆಯ ಮೇಲೊಬ್ಬ ಸೇನಾನಿಯ ಮುಖವಿದೆ, ಹೆಸರಿಲ್ಲ. ಈ ಹೆಸರಿಲ್ಲದಿರುವಿಕೆಯನ್ನು ವಿದ್ವತ್ ವಲಯದಲ್ಲಿ ‘ನಾಮಶೂನ್ಯತೆಯ ಸಂಕಥನ’ ಎಂದೂ, ಹಳೆ ಸಾಮಾನಿನ ಅಂಗಡಿಯಲ್ಲಿ ‘ಯಾರೋ ದೊರೆ’ ಎಂದೂ ಕರೆಯಬಹುದು. ಎರಡರಲ್ಲೂ ಇರುವ ಮಾಹಿತಿ ಒಂದೇ. ಎರಡನೆಯದಕ್ಕೆ ಅಡಿಟಿಪ್ಪಣಿ ಬೇಕಿಲ್ಲ, ಅಷ್ಟೇ.

ಮೊದಲಿಗೆ ಆಕರದ ಭೌತಿಕ ನೆಲೆ. ಅಮೆರಿಕದ ನ್ಯೂವಾರ್ಕ್ ಪಟ್ಟಣದ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ 1896ರಲ್ಲಿ ಇಂಥ ಬಿಲ್ಲೆಗೆ ಪೇಟೆಂಟ್ ಪಡೆಯಿತು. ತಗಡಿನ ಬಿಲ್ಲೆ, ಅದರ ಮೇಲೆ ಅಚ್ಚು ಹಾಕಿದ ಕಾಗದ, ಕಾಗದದ ಮೇಲೆ ಸೆಲ್ಯುಲಾಯ್ಡಿನ ತೆಳು ಹಾಳೆ. ಮೂರನ್ನೂ ಅಂಚಿನಲ್ಲಿ ಮಡಿಸಿ ಹಿಂದಿನಿಂದ ಒಂದು ಬಳೆ ಒತ್ತಿದರೆ ಮುಗಿಯಿತು. ಅದೇ ವರ್ಷ ಮೆಕಿನ್ಲಿಗೂ ಬ್ರಯನ್‌ಗೂ ನಡೆದ ಅಧ್ಯಕ್ಷ ಚುನಾವಣೆಯಲ್ಲಿ ಮುಖಗಳು ಹೀಗೆ ರಾಶಿರಾಶಿಯಾಗಿ ಎದೆಯೇರಿದವು. ಮೂರು ವರ್ಷಕ್ಕೆ ಯುದ್ಧ ಬಂತು, ಮುಖಗಳಿಗೆ ಬರವಿರಲಿಲ್ಲ. ಬಿಲ್ಲೆಯ ಬೆನ್ನಿನ ಗುಳಿಯಲ್ಲಿ ಎಷ್ಟೋ ಸಲ ತಯಾರಕರ ಹೆಸರು, ಪೇಟೆಂಟಿನ ತಾರೀಖು ಇರುವ ಕಾಗದದ ಚೂರು ಅಂಟಿರುತ್ತದೆ. ಅಂದರೆ ಬಿಲ್ಲೆಯನ್ನು ಮಗುಚಿ ನೋಡಿದರೆ ಅರ್ಧ ಕೆಲಸ ಆದಂತೆ. ಆದರೆ ಮಗುಚಿ ನೋಡಿದ್ದಕ್ಕೆ ಡಾಕ್ಟರೇಟ್ ಕೊಡುವ ಪದ್ಧತಿ ಇಲ್ಲದ ಕಾರಣ ಪ್ರಬಂಧವು ಮುಂಭಾಗದಲ್ಲೇ ಮುಂದುವರಿಯುತ್ತದೆ.

ಮುಂಭಾಗದ ಪ್ರಧಾನ ಲಕ್ಷಣ ಮೀಸೆ. ಅದನ್ನು ಏಳು ಪ್ರಭೇದಗಳಾಗಿ ವಿಂಗಡಿಸಬಹುದು. ಒಂದು, ಘನಶ್ಮಶ್ರು: ತುಟಿಯನ್ನು ಪೂರ್ತಿ ನುಂಗಿ ಕೆನ್ನೆಯ ಕಡೆ ದಂಡೆತ್ತಿ ಹೋಗುವುದು, ಉದಾಹರಣೆಗೆ ಆ ಯುದ್ಧದ ಬ್ರಿಟಿಷ್ ಸೇನಾನಿ ಕಿಚನರ್. ಎರಡು, ಶ್ವೇತಶ್ಮಶ್ರು: ವಯಸ್ಸಿನಿಂದ ನರೆತದ್ದು, ಉದಾಹರಣೆಗೆ ಕಾನ್ಪುರದಲ್ಲಿ ಹುಟ್ಟಿದ ಲಾರ್ಡ್ ರಾಬರ್ಟ್ಸ್. ಮೂರು, ಛತ್ರಾಶ್ರಿತಶ್ಮಶ್ರು: ಅಗಲಂಚಿನ ಹ್ಯಾಟಿನ ನೆರಳಲ್ಲಿ ಬದುಕುವುದು, ಉದಾಹರಣೆಗೆ ಮಾಫೆಕಿಂಗ್ ಊರಿನಲ್ಲಿ 217 ದಿನ ಮುತ್ತಿಗೆ ತಡೆದುಕೊಂಡ ಬೇಡನ್ ಪೊವೆಲ್. ನಾಲ್ಕು... ನಾಲ್ಕನೆಯದರಿಂದ ಏಳನೆಯದರವರೆಗಿನವು ಒಂದೇ ಥರ ಇರುವುದರಿಂದ ಇಲ್ಲಿಗೆ ಬಿಡಲಾಗಿದೆ. ಬಿಡಲು ಇನ್ನೂ ಗಟ್ಟಿಯಾದ ಕಾರಣವಿದೆ. ಆ ಕಾಲದ ಬ್ರಿಟಿಷ್ ಸೇನೆಯ ನಿಯಮದಲ್ಲೇ ಗಲ್ಲ ಬೋಳಿಸಬೇಕು, ಮೇಲ್ದುಟಿ ಮುಟ್ಟಬಾರದು ಎಂದಿತ್ತು. 1916ರಲ್ಲಿ ಅದನ್ನು ತೆಗೆದುಹಾಕಿದರು. ಸರ್ಕಾರವೇ ಹುಕುಂ ಹೊರಡಿಸಿ ಬೆಳೆಸಿದ ಮೀಸೆಯಿಂದ ಆಸಾಮಿಯ ಗುರುತು ಹಿಡಿಯುವುದೆಂದರೆ, ಸಮವಸ್ತ್ರ ನೋಡಿ ಶಾಲೆ ಹುಡುಗನ ಹೆಸರು ಹೇಳಿದ ಹಾಗೆ.

‘ಮೀಸೆ ಹೋಗಲಿ, ಪದಕಗಳಿವೆಯಲ್ಲ?’ ಎಂಬ ಪೂರ್ವಪಕ್ಷ ಇಲ್ಲಿ ಏಳುತ್ತದೆ. ಏಳಲಿ. ಎದೆಯ ಮೇಲೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಕಂಡಿತೆನ್ನಿ. ರಾಬರ್ಟ್ಸ್‌ಗೆ ಅದು 1858ರ ಸಾಹಸಕ್ಕೆ ಸಿಕ್ಕಿತ್ತು. ಅವರಿಗಿಂತ ಮೊದಲು ಯುದ್ಧದ ಹೊಣೆ ಹೊತ್ತಿದ್ದ ಬುಲ್ಲರ್‌ಗೂ ಇತ್ತು, ಲೇಡಿಸ್ಮಿತ್ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿಬಿದ್ದ ವೈಟ್‌ಗೂ ಇತ್ತು. ಬುಲ್ಲರ್‌ಗೆ 1879ರ ಸಾಹಸಕ್ಕೆ, ವೈಟ್‌ಗೆ 1879-80ರದಕ್ಕೆ. ಪದಕಗಳು ಬಲ ಎದೆಯಲ್ಲಿ ಕಂಡರೆ ಅದೇನು ಹೊಸ ಸಂಪ್ರದಾಯವಲ್ಲ. ಅಚ್ಚಿನಲ್ಲಿ ಚಿತ್ರ ಎಡಬಲ ಆಗಿದೆ ಎಂದರ್ಥ. ಬಣ್ಣವನ್ನಂತೂ ನಂಬುವಂತಿಲ್ಲ, ಕೋಟಿನ ಕೆಂಪು ಅಚ್ಚುಕೂಟದವನ ಕೈಯಲ್ಲಿತ್ತು. ಸೆಲ್ಯುಲಾಯ್ಡಿನ ಅಡಿ ತೇವ ಸೇರಿ ಎದ್ದ ಕಂದು ಚುಕ್ಕೆಯನ್ನು ಗಾಯದ ಗುರುತೆಂದು ಓದುವ ಪ್ರತಿಭೆಗೆ ಇಲ್ಲಿ ಉತ್ತರವಿಲ್ಲ. ಒಟ್ಟು ಸಾರ ಇಷ್ಟು: ಅದೇ ಮುಖ ಹೆಸರಿನ ಸಮೇತ ಅಚ್ಚಾಗಿರುವ ಇನ್ನೊಂದು ಬಿಲ್ಲೆಯನ್ನೋ ಆ ಕಾಲದ ಫೋಟೋವನ್ನೋ ಹುಡುಕಿ ಪಕ್ಕದಲ್ಲಿಟ್ಟು ನೋಡಬೇಕು. ಇಡೀ ಶಾಸ್ತ್ರ ಈ ಒಂದು ವಾಕ್ಯದಲ್ಲಿದೆ. ಮಿಕ್ಕದ್ದೆಲ್ಲ ಪರಿಪ್ರೇಕ್ಷ್ಯ.

ಹಾಗಾದರೆ ಹೆಸರೇಕೆ ಹಾಕಲಿಲ್ಲ? ಅಗತ್ಯವಿರಲಿಲ್ಲ. ಅಂದು ಆ ಮುಖ ಬೀದಿಬೀದಿಗೂ ಗೊತ್ತಿತ್ತು. ಹೆಸರು ಬೇಡವೆನ್ನುವಷ್ಟು ಹೆಸರು ಮಾಡಿದವನೇ ನೂರಿಪ್ಪತ್ತು ವರ್ಷದ ಮೇಲೆ ‘ಅಜ್ಞಾತ’ನಾಗಿ ನಮ್ಮ ಅನುಕಂಪ ಗಿಟ್ಟಿಸುತ್ತಾನೆ. ಇಲ್ಲೇ ಈ ಶಾಸ್ತ್ರದ ಮೇಲೆ ಸಿಟ್ಟು ಬರುವುದು. ಇವನು ಅಜ್ಞಾತನಲ್ಲ, ಪುಸ್ತಕದಲ್ಲಿದ್ದಾನೆ, ಪ್ರತಿಮೆಯಾಗಿದ್ದಾನೆ. ನಾವು ಮರೆತದ್ದು ಈ ಒಂದು ತಗಡಿನ ಮಟ್ಟಿಗೆ ಮಾತ್ರ. ಅದೇ ಯುದ್ಧದಲ್ಲಿ ಗಾಂಧಿ ನೇಟಾಲ್ ಪ್ರಾಂತ್ಯದಲ್ಲಿ ಗಾಯಾಳುಗಳನ್ನು ಹೊರಲು ಕಟ್ಟಿದ ಡೋಲಿ ಪಡೆಯಲ್ಲಿ ಸುಮಾರು 1,100 ಜನ ಭಾರತೀಯರಿದ್ದರು; 800ರಷ್ಟು ಮಂದಿ ಕರಾರಿನ ಕೂಲಿಗಳು. ಕೂಲಿಗಳ ಗುರುತಿನ ಬಗ್ಗೆ ಸಾಮ್ರಾಜ್ಯಕ್ಕೆ ಯಾವ ಗೊಂದಲವೂ ಇರಲಿಲ್ಲ. ಮದ್ರಾಸಿನಿಂದಲೋ ಕಲ್ಕತ್ತದಿಂದಲೋ ಹಡಗು ಹತ್ತಿದ ಪ್ರತಿಯೊಬ್ಬರಿಗೂ ಒಂದು ನಂಬರು. ಅದರ ಮುಂದೆ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಊರು, ಮೈಮೇಲಿನ ಗಾಯದ ಕಲೆ ಎಲ್ಲಿದೆ ಎಂಬುದು ಸಹ. ದಂಡನಾಯಕನಿಗೆ ಮುಖವಿತ್ತು, ಹೆಸರು ಬೇಕಿರಲಿಲ್ಲ. ಕೂಲಿಗೆ ಹೆಸರು, ಕಲೆ, ನಂಬರು ಎಲ್ಲ ಇತ್ತು; ಮುಖ ಯಾರಿಗೂ ಬೇಕಿರಲಿಲ್ಲ. ನಮ್ಮ ಕಚೇರಿಯ ಜವಾನನ ಎದೆಯ ಹಿತ್ತಾಳೆ ಬಿಲ್ಲೆಯೂ ಇದೇ ಜಾತಿಯದು: ಅದರಲ್ಲಿ ಕಚೇರಿಯ ಹೆಸರಿರುತ್ತದೆ, ಜವಾನನದಲ್ಲ.

‘ಹವ್ಯಾಸಿಯೊಬ್ಬ ಹಳೇ ಬಿಲ್ಲೆ ಹಿಡಿದು ಕೂತರೆ ಸಾಮ್ರಾಜ್ಯದ ಪಾಪವನ್ನೆಲ್ಲ ಅವನ ತಲೆಗೆ ಕಟ್ಟುವುದೇ?’ ನ್ಯಾಯವಾದ ಆಕ್ಷೇಪ. ಹವ್ಯಾಸ ನಿರಪರಾಧಿ, ಬಿಲ್ಲೆ ಕೂಡ ಪುಟ್ಟದಾದರೂ ಅಚ್ಚುಕಟ್ಟಾದ ವಸ್ತು. ತಕರಾರಿರುವುದು, ನೆನಪಿನಲ್ಲಿ ಮೊದಲೇ ಜಾಗ ಸಿಕ್ಕವನಿಗೇ ಮತ್ತೆ ಜಾಗ ಹುಡುಕಿಕೊಡುವುದನ್ನು ‘ಶೋಧ’ ಎಂದು ಕರೆಯುವುದರ ಬಗ್ಗೆ. ಅದೇ ಯುದ್ಧದಲ್ಲಿ ಬ್ರಿಟಿಷರು ಬೋಯರರ ಹೊಲಮನೆ ಸುಟ್ಟು ಹೆಂಗಸರು ಮಕ್ಕಳನ್ನು ಕೂಡಿಹಾಕಿದ ಶಿಬಿರಗಳಲ್ಲಿ 26,000ಕ್ಕೂ ಮಿಕ್ಕಿ ಜನ ಸತ್ತರು. ಕರಿಯರ ಶಿಬಿರಗಳಲ್ಲಿ ಸತ್ತವರ ಲೆಕ್ಕವನ್ನು ಸರಿಯಾಗಿ ಇಡಲೂ ಇಲ್ಲ. ಅವರಾರ ಮುಖವೂ ಸೆಲ್ಯುಲಾಯ್ಡಿನ ಅಡಿ ಬರಲಿಲ್ಲ. ಜೋಹಾನ್ಸ್‌ಬರ್ಗಿನ ಗುಡ್ಡವೊಂದರ ಮೇಲೆ ಆ ಯುದ್ಧದಲ್ಲಿ ಸತ್ತ ಭಾರತೀಯ ಸೇನೆಯವರಿಗೊಂದು ಸ್ಮಾರಕವಿದೆ. ಅದರ ಬರಹದಲ್ಲಿ ಕುದುರೆಗೆ ಲಾಳ ಕಟ್ಟುವ ನಾಲಬಂದರ ಪ್ರಸ್ತಾಪವಿದೆ, ಕಸುಬಿನ ಹೆಸರಿನಲ್ಲಿ.

ಉಪಸಂಹಾರದಲ್ಲಿ ಮುಖ ಯಾರದೆಂದು ಹೇಳಬೇಕು. ರಾಬರ್ಟ್ಸ್ ಎಂದೇ ಇಟ್ಟುಕೊಳ್ಳೋಣ. ಬಿಳಿ ಮೀಸೆ ಅಷ್ಟರಮಟ್ಟಿಗೆ ಸಾಕು. 1899ರ ಡಿಸೆಂಬರ್ 15ರಂದು ಕೊಲೆನ್ಸೊ ಕಾಳಗದಲ್ಲಿ ಅವರಿಗೆ ಉಳಿದಿದ್ದ ಒಬ್ಬನೇ ಮಗ ಫಿರಂಗಿಗಳನ್ನು ಉಳಿಸಿಕೊಳ್ಳಲು ನುಗ್ಗಿ ಮಾರಣಾಂತಿಕ ಪೆಟ್ಟು ತಿಂದ. ಆ ದೇಹವನ್ನು ರಣರಂಗದಿಂದ ಹೊತ್ತು ತಂದದ್ದು ತಮ್ಮ ಪಡೆಯವರು ಎಂದು ಗಾಂಧಿ ಬರೆದಿದ್ದಾರೆ. ಅಪ್ಪ ಬಿಲ್ಲೆಯಲ್ಲಿದ್ದಾರೆ, ಮಗ ಚರಿತ್ರೆಯಲ್ಲಿದ್ದಾನೆ. ಆ ಡೋಲಿಯ ಕೋಲಿಗೆ ಹೆಗಲು ಕೊಟ್ಟವರು ಯಾರು ಯಾರು? ಗಾಯದ ಕಲೆಗಳ ಪಟ್ಟಿ ಇಂದಿಗೂ ಇದೆ. ಭೂತಗನ್ನಡಿ ಹಿಡಿದು ಕೂತವರಿಗೆ ಬಿಡುವಾದರೆ ಅಲ್ಲಿಂದ ಶುರು ಮಾಡಬಹುದು.