ಪದ್ಮಿನಿಯ ಬಾಗಿಲು: ಸಂಧಿ ಪ್ರಕರಣ

ಕಾರಿನ ಬಾಗಿಲು ತೆರೆದರೆ ಎಲ್ಲಿಯವರೆಗೆ ಹೋಗಬೇಕು, ಹೋದದ್ದು ಅಲ್ಲೇ ನಿಲ್ಲಬೇಕೋ ಅಥವಾ ಮರಳಿ ಬಂದು ಇಳಿಯುವವರ ಮೊಣಕಾಲಿಗೆ ಬಡಿಯಬೇಕೋ ಎಂಬ ಪ್ರಶ್ನೆಯನ್ನು ನಮ್ಮ ವೈಯಾಕರಣರು ಎತ್ತಿಕೊಂಡಿಲ್ಲ. ಕಾರಣ ಸ್ಪಷ್ಟ: ಕೇಶಿರಾಜನ ಬಳಿ ಫಿಯೆಟ್ ಇರಲಿಲ್ಲ. ಶಾಸ್ತ್ರದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಮುಂಬಯಿಯಲ್ಲಿ ಜನಿಸಿ, ನಡುವೆ ಪ್ರೆಸಿಡೆಂಟ್ ಪದವಿ ಅನುಭವಿಸಿ, 1974ರಿಂದ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಕಾರನ್ನು ಇಲ್ಲಿ ಪ್ರಕೃತಿ ಎಂದು ತಿಳಿಯತಕ್ಕದ್ದು. ಬಾಗಿಲನ್ನು ತಡೆದು ನಿಲ್ಲಿಸುವ ಡೋರ್ ಚೆಕ್ ಪ್ರತ್ಯಯ. ಬಾಗಿಲ ಚೌಕಟ್ಟಿನ ಕಂಬಕ್ಕೆ ಪಿನ್ನಿನಿಂದ ಸಿಕ್ಕಿಸಿದ ಉಕ್ಕಿನ ಪಟ್ಟಿ, ಅದು ಬಾಗಿಲೊಳಗೆ ನುಸುಳುವ ಕಿಂಡಿ, ಪಟ್ಟಿಯ ತುದಿಗೊಂದು ರಬ್ಬರ್: ಇಷ್ಟೇ ಅದರ ಸಂಸಾರ. ರಬ್ಬರ್ ಗಟ್ಟಿಯಾಗಿ ಪುಡಿಯಾಗುತ್ತದೆ, ಪಿನ್ ಸವೆಯುತ್ತದೆ. ಆಮೇಲೆ ಗಾಳಿ ಬೀಸಿದ ಒಂದು ಮಧ್ಯಾಹ್ನ ಬಾಗಿಲಿನ ಅಂಚು ಫೆಂಡರಿಗೆ ತಾಗಿ ಬಣ್ಣ ಎಬ್ಬಿಸುತ್ತದೆ.

ಆಗ ಮೂರು ಮತಗಳು ಹುಟ್ಟುತ್ತವೆ. ಗ್ಯಾರೇಜಿನವರು ಲೋಪವಾದಿಗಳು: “ಬಿಚ್ಚಿ ಬಿಸಾಕಿ ಸಾರ್, ಅದಿಲ್ದೆ ಗಾಡಿ ಓಡಲ್ವಾ?” ಮಾಲೀಕರು ಪ್ರಕೃತಿಭಾವದವರು; ಏನನ್ನೂ ಬದಲಿಸದೆ, ಎಡಗೈಯಲ್ಲಿ ತರಕಾರಿ ಚೀಲ, ಬಲಗಾಲಲ್ಲಿ ಬಾಗಿಲು ಹಿಡಿದು ಇಳಿಯುವ ಯೋಗಾಸನ ಇವರ ಕೊಡುಗೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಆದೇಶವಾದಿಗಳು. ಕ, ತ, ಪ ಇದ್ದಲ್ಲಿ ಗ, ದ, ಬ ಬಂದು ಕೂರುವಂತೆ ಪದ್ಮಿನಿಯ ಜಾಗದಲ್ಲಿ ಮಾರುತಿ ಬಂದು ಕೂರುತ್ತದೆಂಬುದು ಇವರ ವಾದ. “ಎಂಟ್ನೂರರದ್ದು ತಗೊಳ್ಳಿ ಸಾರ್, ಸೇಮ್ ಟು ಸೇಮ್. ಆಗ್ಲಿಲ್ಲ ಅಂದ್ರೆ ಅಂಬಾಸಿಡರ್ದು ಕೊಡ್ತೀನಿ.”

ಇದು ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಡೋರ್ ಚೆಕ್ಕಿಗೆ ಕಂಪನಿಯ ಹೆಸರು ಗೊತ್ತಿಲ್ಲ, ಅಳತೆ ಮಾತ್ರ ಗೊತ್ತು. ಕೀಲಿನ ನಡುವಿನಿಂದ ಪಿನ್ನಿಗೆ ಎಷ್ಟು ದೂರ? ಆ ದೂರ ಹೆಚ್ಚಿದರೆ ಬಾಗಿಲು ಅಷ್ಟೇ ತೆರೆಯಲು ಪಟ್ಟಿ ಹೆಚ್ಚು ಹೊರಬರಬೇಕು. ಕಡಿಮೆಯಾದರೆ ಅದೇ ಪಟ್ಟಿ ಬಾಗಿಲನ್ನು ಫೆಂಡರಿನ ಮೇಲೇ ಬಿಡುತ್ತದೆ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ, ದಪ್ಪ ಕಾಗದದ ಮದುವೆ ಕಾರ್ಡು ಸಾಕು. ಅದರಿಂದ ಉದ್ದನೆಯ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಪಿನ್ನಿಗೆ ಸಿಕ್ಕಿಸಿ, ಇನ್ನೊಂದನ್ನು ಕಿಂಡಿಯಲ್ಲಿ ತೂರಿಸಿ. ಫೆಂಡರಿಗೂ ಬಾಗಿಲಿಗೂ ಎರಡು ಬೆರಳು ಸಂದು ಉಳಿಯುವಷ್ಟು ತೆರೆದು, ಕಿಂಡಿಯ ಒಳಬಾಯಿಯಲ್ಲಿ ಪೆನ್ಸಿಲ್ ಗೆರೆ ಹಾಕಿ. ವರನ ಹೆಸರು ಮುಗಿದು ವಧುವಿನ ತಂದೆಯ ಹೆಸರು ಶುರುವಾಗುವಲ್ಲಿ ಗೆರೆ ಬಿದ್ದರೆ, ರಬ್ಬರಿನ ಜಾಗವೂ ಅದೇ. ಈ ಕಾರ್ಡು ಹಿಡಿದು ಶಿವಾಜಿನಗರದ ಗುಜರಿಗೆ ಹೋದರೆ ಯಾವ ಮಾಡೆಲ್ ಎಂದು ಕೇಳುವವರೇ ಇಲ್ಲ. ಮದುವೆ ಯಾವಾಗ ಎಂದು ಕೇಳಬಹುದು.

ಪಟ್ಟಿ ತುಸು ಉದ್ದವಾದರೆ ಆಗಮ ಸಂಧಿ: ಯಕಾರ, ವಕಾರದ ಬದಲು ರಬ್ಬರ್ ಪಕ್ಕಕ್ಕೆ ಒಂದೆರಡು ವಾಷರ್. ಗಿಡ್ಡವಾದರೆ ವೆಲ್ಡಿಂಗ್ ಮಾಡಿಸಿ ಉದ್ದ ಮಾಡಿಸುವವರಿದ್ದಾರೆ. ಈ ಲೇಖಕನಿಗೆ ಅದು ಒಪ್ಪಿಗೆಯಿಲ್ಲ, ಬೆಸುಗೆಯ ಬಿಸಿ ತಿಂದ ಉಕ್ಕು ಎಲ್ಲಿ ಮುರಿಯುತ್ತದೋ ಹೇಳಲಾಗದು. ಕೊನೆಗೆ, ಡೋರ್ ಪ್ಯಾಡ್ ಮುಚ್ಚುವ ಮುನ್ನ ಗಾಜು ಪೂರ್ತಿ ಇಳಿಸಿ ಬಾಗಿಲು ಹಾಕಿ ನೋಡಬೇಕು. ಪಟ್ಟಿಯ ಬಾಲ ಒಳಗೆ ಗಾಜಿಗೆ ತಾಗುತ್ತಿದ್ದರೆ ಅದು ವಿಸಂಧಿ ದೋಷ.

ಇವೆಲ್ಲ ಮುಂಬಾಗಿಲಿನ ನಿಯಮಗಳು. ಹಿಂದೆ ಕೂರುವವರು ಸಾಮಾನ್ಯವಾಗಿ ನೆಂಟರಾದ ಕಾರಣ, ಆ ಅಧ್ಯಾಯವನ್ನು ಮುಂದಿನ ದೀಪಾವಳಿಯವರೆಗೆ ಮುಂದೂಡಲಾಗಿದೆ.